ಮೂರು ಹೊಳೆಗಳ ಊರಿನಲ್ಲಿ ಒಂದು ಚೀಟಿ

ಪಿಟ್ಸ್‌ಬರ್ಗ್ ನಗರವನ್ನು ಮೊದಲ ಸಲ ನೋಡುವವನು ಸುರಂಗದ ಬಾಯಿಂದಲೇ ನೋಡಬೇಕೆಂದು ಅಲ್ಲಿಯವರು ಹೇಳುತ್ತಾರೆ. ವಿಮಾನ ನಿಲ್ದಾಣದಿಂದ ಬರುವ ಹೆದ್ದಾರಿ ಒಂದು ಗುಡ್ಡವನ್ನು ಕೊರೆದು ಒಳಹೊಗುತ್ತದೆ. ಕೆಲ ಹೊತ್ತು ದೀಪಗಳ ಸಾಲಲ್ಲದೆ ಬೇರೇನೂ ಕಾಣದು. ಒಮ್ಮೆಗೇ ಗುಡ್ಡ ಮುಗಿಯುತ್ತದೆ. ನೋಡಿದರೆ ನಮ್ಮ ವಾಹನ ಸೇತುವೆಯ ಮೇಲಿದೆ, ಊರು ಕಣ್ಣೆದುರು ನಿಂತಿದೆ. ಎಡದಿಂದ ಅಲಿಗೇನಿ, ಬಲದಿಂದ ಮೊನಾಂಗಹೀಲ ಎಂಬ ಎರಡು ಹೊಳೆಗಳು ಬಂದು ಕೂಡಿ ಅಲ್ಲಿಂದ ಮುಂದೆ ಒಹಾಯೊ ಎಂಬ ಮೂರನೆಯ ಹೆಸರಿನಿಂದ ಹರಿಯುತ್ತವೆ. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸೇರಿ ಹೆಸರು ಕೂಡಿಸಿಕೊಂಡಂತೆ ಇವು ಕೂಡಿಸಿಕೊಂಡಿಲ್ಲ. ಎರಡೂ ತಮ್ಮ ಹೆಸರನ್ನು ಅಲ್ಲಿಯೇ ಬಿಟ್ಟಿವೆ. "ಹೊಸ ದೇಶದ ಪದ್ಧತಿ ಕಣಯ್ಯಾ, ಇಲ್ಲಿಗೆ ಬಂದವರೆಲ್ಲ ಹಳೆಯ ಹೆಸರನ್ನು ದಡದಲ್ಲಿ ಬಿಡಬೇಕು" ಎಂದು ನನ್ನ ಭಾವ ನಕ್ಕರು. 2023ರ ಅಕ್ಟೋಬರ್ ತಿಂಗಳು. ಗುಡ್ಡಗಳ ಮೇಲಿನ ಮರಗಳೆಲ್ಲ ಕೆಂಪು, ಕಿತ್ತಳೆ, ಅರಿಶಿನದ ಬಣ್ಣ ತಳೆದಿದ್ದುವು.

ವಾಹನವನ್ನು ನಡೆಸುತ್ತಿದ್ದವಳು ನನ್ನ ಅಕ್ಕ. ಹಿಂದಿನ ಸಲ ನಾನು ಬಂದಾಗ ಭಾವನವರೇ ನಡೆಸಿದ್ದರು. ಈ ಬಾರಿ ಅವರು ಪಕ್ಕದ ಆಸನದಲ್ಲಿ, ಎರಡು ಜೊತೆ ಕಾಲುಚೀಲ ತೊಟ್ಟು, ಪಾದಗಳನ್ನು ನೆಲಕ್ಕೆ ಪೂರ್ತಿ ಊರದೆ ಕುಳಿತಿದ್ದರು.

ಉಕ್ಕಿನ ಊರು, ಉರಿಯುವ ಪಾದ

ಭಾವನವರು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಲೋಹಶಾಸ್ತ್ರವನ್ನು ಓದಿ 1971ರಲ್ಲಿ ಪಿಟ್ಸ್‌ಬರ್ಗಿಗೆ ಬಂದವರು. ಆಗ ಇದು ಜಗತ್ತಿನ ಉಕ್ಕಿನ ರಾಜಧಾನಿ. ಹೊಳೆಯ ದಡದುದ್ದಕ್ಕೂ ಕುಲುಮೆಗಳು ರಾತ್ರಿಯೆಲ್ಲ ಆಕಾಶವನ್ನು ಕೆಂಪಾಗಿಸುತ್ತಿದ್ದುವಂತೆ. 1980ರ ದಶಕದಲ್ಲಿ ಆ ಕುಲುಮೆಗಳು ಒಂದೊಂದಾಗಿ ತಣ್ಣಗಾದುವು. ಸಾವಿರಾರು ಸಂಸಾರಗಳು ಊರು ಬಿಟ್ಟುವು. ಉಳಿದ ಊರು ಆಸ್ಪತ್ರೆಗಳನ್ನೂ ವಿಶ್ವವಿದ್ಯಾನಿಲಯಗಳನ್ನೂ ನೆಚ್ಚಿಕೊಂಡು ಬದುಕಿತು. ವೈದ್ಯಕ್ಕೆ ಈ ಊರು ಹೊಸದಲ್ಲ. ಪೋಲಿಯೊ ಲಸಿಕೆಯನ್ನು ಜೋನಾಸ್ ಸಾಕ್ ಸಿದ್ಧಪಡಿಸಿದ್ದು ಇಲ್ಲಿಯ ವಿಶ್ವವಿದ್ಯಾನಿಲಯದಲ್ಲಿಯೇ. ಅದು ಫಲಕಾರಿಯೆಂದು ಲೋಕಕ್ಕೆ ಸಾರಿದ್ದು 1955ರಲ್ಲಿ. ನಮ್ಮವರ ಕುರುಹೂ ಇಲ್ಲಿ ಹಳೆಯದು. ಪೆನ್ ಹಿಲ್ಸ್ ಎಂಬಲ್ಲಿಯ ಗುಡ್ಡದ ಮೇಲಿನ ಶ್ರೀ ವೆಂಕಟೇಶ್ವರ ದೇವಾಲಯಕ್ಕೆ 1976ರಲ್ಲಿ ಪ್ರತಿಷ್ಠೆಯಾಯಿತು. ಆ ದಿನ ಅಕ್ಕ ಹುಳಿಯನ್ನ ಕಲಸಿದ ಕೈಗಳಲ್ಲಿ ಒಬ್ಬಳು.

ಎರಡು ವರ್ಷದ ಹಿಂದೆ ಭಾವನವರ ಕರುಳಿನಲ್ಲಿ ಅರ್ಬುದ ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆ ಆಯಿತು, ಕೀಮೊಥೆರಪಿ ಆಯಿತು, ರೋಗ ಹಿಮ್ಮೆಟ್ಟಿತು. ಆದರೆ ಹೋಗುವಾಗ ಅದು ಪಾದಗಳಲ್ಲಿಯೂ ಬೆರಳ ತುದಿಗಳಲ್ಲಿಯೂ ಒಂದು ಬೇನೆಯನ್ನು ಬಿಟ್ಟುಹೋಯಿತು. ಅರ್ಬುದವನ್ನು ಕೊಲ್ಲುವ ಕೆಲವು ಔಷಧಿಗಳು ನರಗಳನ್ನೂ ಸುಡುತ್ತವೆ. ಹಗಲೆಲ್ಲ ಜೋಮು, ರಾತ್ರಿ ಮಲಗಿದೊಡನೆ ಉರಿ. "ನಾಲ್ಕು ದಶಕ ಕುಲುಮೆಯ ಹತ್ತಿರ ನಿಂತವನು ನಾನು, ಆಗ ಸುಡಲಿಲ್ಲ, ಈಗ ಹಾಸಿಗೆಯಲ್ಲಿ ಸುಡುತ್ತಿದೆ" ಎನ್ನುತ್ತಿದ್ದರು. ನರಬೇನೆಗೆಂದು ಕೊಡುವ ಗುಳಿಗೆಗಳಿಂದ ತಲೆ ತಿರುಗಿ ಎರಡು ಸಲ ಬಿದ್ದರು. ಇನ್ನುಳಿದುದು ಅಫೀಮಿನ ವಂಶದ ಗುಳಿಗೆ. ಅದನ್ನು ಅವರು ಮುಟ್ಟಲೊಪ್ಪಲಿಲ್ಲ. ಕುಲುಮೆ ಆರಿದ ಊರುಗಳಲ್ಲಿ, ಬೆನ್ನು ಮುರಿದ ಕಾರ್ಮಿಕರ ಮನೆಗಳಲ್ಲಿ, ಆ ಗುಳಿಗೆಗಳು ಏನು ಮಾಡಿದುವೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

ಕೊನೆಗೆ ಅರ್ಬುದದ ವೈದ್ಯರೇ ಒಂದು ಮಾತು ಆಡಿದರು: "ಗಾಂಜಾ ಪ್ರಯತ್ನಿಸಿ ನೋಡಬಹುದು. ಆದರೆ ನಾನು ಕೊಡಲಾರೆ. ಅದಕ್ಕೆ ಬೇರೆ ದಾರಿಯಿದೆ."

ಈ ಮಾತನ್ನು ಅಕ್ಕ ನನಗೆ ಹೇಳಿದ್ದು ಅಡಿಗೆಮನೆಯಲ್ಲಿ, ದನಿ ತಗ್ಗಿಸಿ. ನಮ್ಮ ಅಜ್ಜ ತೀರ್ಥಹಳ್ಳಿಯ ಕಡೆಯ ಪಂಡಿತರು. ಅವರ ಪೆಟ್ಟಿಗೆಯಲ್ಲಿ ಜಾತೀಫಲಾದಿ ಚೂರ್ಣದ ಭರಣಿಯೊಂದಿತ್ತು. ಅದರಲ್ಲಿ ವಿಜಯಾ ಎಂಬ ಮೂಲಿಕೆ ಬೀಳುತ್ತದೆ. ವಿಜಯೆ ಎಂದರೆ ಭಂಗಿ ಸೊಪ್ಪು. ಆದರೆ ಅದೇ ಸೊಪ್ಪನ್ನು ಚಿಲುಮೆಗೆ ತುಂಬುವ ಬೈರಾಗಿ ಜಗಲಿಗೆ ಬಂದರೆ ಅಜ್ಜ ನಮ್ಮನ್ನು ಒಳಗೆ ಅಟ್ಟುತ್ತಿದ್ದರು. ಭರಣಿಯಲ್ಲಿದ್ದರೆ ಔಷಧಿ, ಚಿಲುಮೆಯಲ್ಲಿದ್ದರೆ ಅಮಲು! ಈ ಎರಡರ ನಡುವಣ ಗೆರೆಯನ್ನು ಅಮೆರಿಕದವರು ಒಂದು ಚೀಟಿಯಿಂದ ಎಳೆದಿದ್ದಾರೆ.

ತೆರೆಯ ಮೇಲಿನ ವೈದ್ಯೆ

ಆ ದೇಶದಲ್ಲಿ ಮೊದಲು ಈ ದಾರಿಯನ್ನು ತೆರೆದದ್ದು ಕ್ಯಾಲಿಫೋರ್ನಿಯ, 1996ರಲ್ಲಿ, ಜನಮತದಿಂದ. ಪೆನ್ಸಿಲ್ವೇನಿಯ ಇಪ್ಪತ್ತು ವರ್ಷ ಯೋಚಿಸಿತು. 2016ರ ಏಪ್ರಿಲ್ 17ರಂದು ರಾಜ್ಯಪಾಲ ಟಾಮ್ ವುಲ್ಫ್ ಕಾನೂನಿಗೆ ರುಜು ಹಾಕಿದರು. 2018ರ ಫೆಬ್ರವರಿಯಲ್ಲಿ ಮೊದಲ ಅಂಗಡಿಗಳು ಬಾಗಿಲು ತೆರೆದುವು. ವಿನೋದಕ್ಕೆ ಕೊಳ್ಳಲು ಅನುಮತಿಯಿಲ್ಲ. ಕಾನೂನಿನಲ್ಲಿ ಹೆಸರಿಸಿದ ರೋಗಗಳಲ್ಲಿ ಒಂದು ಇರಬೇಕು. ಅರ್ಬುದ, ಮೂರ್ಛೆರೋಗ, ನರಬೇನೆ ಮೊದಲಾದುವು ಆ ಪಟ್ಟಿಯಲ್ಲಿವೆ. ರಾಜ್ಯದ ನಿವಾಸಿಯಾಗಿರಬೇಕು. ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಿ, ನಾಲ್ಕು ಗಂಟೆಗಳ ವಿಶೇಷ ಶಿಕ್ಷಣ ಪಡೆದು ಇಲಾಖೆಯ ಪಟ್ಟಿಯಲ್ಲಿ ಸೇರಿರುವ ವೈದ್ಯರೊಬ್ಬರನ್ನು ಕಾಣಬೇಕು. ಮೊದಲು ಖುದ್ದಾಗಿಯೇ ಹೋಗಬೇಕಾಗಿತ್ತು. 2020ರಲ್ಲಿ ಕೊರೋನಾ ಬಂದಾಗ ವಿಡಿಯೊ ಮೂಲಕ ಕಾಣಲು ತಾತ್ಕಾಲಿಕ ಅನುಮತಿ ದೊರೆಯಿತು. 2021ರ ಕಾನೂನು ಅದನ್ನು ಖಾಯಂ ಮಾಡಿತು. ಕಾಲೂರಲಾರದ ರೋಗಿಗಳ ಪಾಲಿಗೆ ಇದು ದೊಡ್ಡ ಉಪಕಾರ.

ಉಪಕಾರವೆಲ್ಲ ಕೂಡಲೇ ವ್ಯಾಪಾರವೂ ಆಗುವುದು ಲೋಕರೂಢಿ. ಭಾವನವರು ಮೊದಲು ಸಂಪರ್ಕಿಸಿದ ಒಂದು ಸಂಸ್ಥೆಯವರು ಹಣದ ಮಾತನ್ನು ವಿಸ್ತಾರವಾಗಿಯೂ ರೋಗದ ಮಾತನ್ನು ಎರಡೇ ಪ್ರಶ್ನೆಗಳಲ್ಲಿಯೂ ಮುಗಿಸಿದರು. "ರೇಷನ್ ಚೀಟಿ ಕೊಡುವವನೂ ಇದಕ್ಕಿಂತ ಹೆಚ್ಚು ವಿಚಾರಿಸುತ್ತಾನೆ" ಎಂದು ಭಾವನವರು ಅವರನ್ನು ಬಿಟ್ಟು, ಇಲಾಖೆಯ ಪಟ್ಟಿಯಿಂದ ತಾವೇ ಇನ್ನೊಬ್ಬ ವೈದ್ಯೆಯನ್ನು ಹುಡುಕಿದರು.

ನಾನು ಹೋದ ನಾಲ್ಕನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಊಟದ ಮೇಜಿನ ಮೇಲೆ ಗಣಕಯಂತ್ರವನ್ನು ತೆರೆದಿಟ್ಟರು. ಭಾವನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಆಸ್ಪತ್ರೆಯ ಕಾಗದಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು, ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯಂತೆ ಕುಳಿತರು. ತೆರೆಯ ಮೇಲೆ ನಡುವಯಸ್ಸಿನ ಹೆಂಗಸೊಬ್ಬಳು ಮೂಡಿದಳು. ಆಕೆಯ ಹಿಂದೆ ಕಿಟಕಿ, ಕಿಟಕಿಯಾಚೆ ನಮ್ಮ ಅಂಗಳದಲ್ಲಿದ್ದಂಥದೇ ಒಂದು ಕೆಂಪು ಮರ.

ಆಕೆ ಮೊದಲು ಚಾಲನಾ ಪರವಾನಿಗೆಯನ್ನು ಕ್ಯಾಮರಾಕ್ಕೆ ಹಿಡಿಯಹೇಳಿ ಹೆಸರು ವಿಳಾಸ ತಾಳೆ ನೋಡಿದಳು. ಕಾಗದಗಳನ್ನು ಮೊದಲೇ ಓದಿಕೊಂಡಿದ್ದಳು. ಯಾವ ಗುಳಿಗೆ ಎಷ್ಟು ದಿನ? ಬಿದ್ದದ್ದು ಯಾವಾಗ? ರಕ್ತ ತೆಳುವಾಗಿಸುವ ಔಷಧಿ ಉಂಟೆ? ಹೃದಯ ಹೇಗೆ? ವಂಶದಲ್ಲಿ ಚಿತ್ತಭ್ರಮೆ ಇತ್ತೆ? ಕೊನೆಯಲ್ಲಿ, "ಇದಕ್ಕೆ ಮೊದಲು ಎಂದಾದರೂ ಉಪಯೋಗಿಸಿದ್ದೀರಾ?"

ಭಾವನವರು ಒಂದು ಗಳಿಗೆ ತಡೆದರು. "1966ರಲ್ಲಿ. ಕಾಶಿಯಲ್ಲಿ. ಹೋಳಿಯ ದಿನ ಒಂದು ಲೋಟ ತಂಡಾಯಿ. ಮರುದಿನ ಮಧ್ಯಾಹ್ನ ಎದ್ದೆ."

ಐವತ್ತು ವರ್ಷ ಸಂಸಾರ ಮಾಡಿದ ಅಕ್ಕ ಈ ಸುದ್ದಿಯನ್ನು ಕೇಳಿದ್ದು ಅದೇ ಮೊದಲು. ಕ್ಯಾಮರಾಕ್ಕೆ ಕಾಣದಂತೆ ಆಕೆ ಅವರ ಕಡೆ ಬೀರಿದ ನೋಟವನ್ನು ನಾನಿಲ್ಲಿ ವರ್ಣಿಸಲಾರೆ.

ಅನಂತರ ಪಾದ ತೋರಿಸಬೇಕಾಯಿತು. ಅಜ್ಜ ರೋಗಿಯ ಕೈ ಹಿಡಿದು, ಕಣ್ಣು ಮುಚ್ಚಿ, ನಾಡಿ ನೋಡದೆ ಮಾತೇ ಆಡುತ್ತಿರಲಿಲ್ಲ. ಇಲ್ಲಿ ವೈದ್ಯೆಗೆ ಕೈಯೇ ಇಲ್ಲ. ಆಕೆಯೂ ಅದನ್ನು ಬಲ್ಲಳು. "ಅಮ್ಮಾ, ನೀವು ನನ್ನ ಕೈಯಾಗುತ್ತೀರಾ?" ಎಂಬರ್ಥ ಬರುವಂತೆ ಅಕ್ಕನನ್ನು ಕೇಳಿಕೊಂಡಳು. ಅಕ್ಕ ಒಂದು ಹತ್ತಿಯ ಎಳೆಯಿಂದ ಹೆಬ್ಬೆರಳನ್ನು, ಅಂಗಾಲನ್ನು, ಹರಡನ್ನು ಸೋಕಿಸುತ್ತ ಹೋದಳು. ಎಲ್ಲಿ ತಿಳಿಯುತ್ತದೆ, ಎಲ್ಲಿ ತಿಳಿಯದು ಎಂದು ಭಾವನವರು ಕಣ್ಣು ಮುಚ್ಚಿ ಹೇಳಿದರು. ಹರಡಿನವರೆಗೆ ಏನೂ ತಿಳಿಯುತ್ತಿರಲಿಲ್ಲ. ಅಕ್ಕನ ಮುಖ ಸಣ್ಣಗಾಯಿತು.

ವೈದ್ಯೆ ಹೇಳಿದಳು: "ನಾನು ಇದನ್ನು ಔಷಧಿಯಾಗಿ ಬರೆದುಕೊಡುವುದಿಲ್ಲ. ದೇಶದ ಕಾನೂನಿನಂತೆ ಬರೆಯುವ ಹಕ್ಕು ಯಾವ ವೈದ್ಯರಿಗೂ ಇಲ್ಲ. ನಿಮಗೆ ಈ ರೋಗವಿದೆ ಎಂದು ಪ್ರಮಾಣೀಕರಿಸುತ್ತೇನೆ, ಅಷ್ಟೆ. ಉರಿ ಸ್ವಲ್ಪ ಕಡಿಮೆಯಾದೀತು, ನಿದ್ದೆ ಬಂದೀತು. ಜೋಮು ಹೋಗುವುದಿಲ್ಲ. ಇನ್ನೊಂದು ಮಾತು: ಈ ರಾಜ್ಯದಲ್ಲಿ ಚೀಟಿಯಿದ್ದರೂ ರಕ್ತದಲ್ಲಿ ಇದರ ಅಂಶ ಸಿಕ್ಕರೆ ವಾಹನ ನಡೆಸುವುದು ಅಪರಾಧ. ಅಂಶ ಬಹಳ ದಿನ ರಕ್ತದಲ್ಲಿರುತ್ತದೆ."

ಭಾವನವರು ಕೇಳಿಕೊಂಡರು. ಇಪ್ಪತ್ತು ನಿಮಿಷದಲ್ಲಿ ಭೇಟಿ ಮುಗಿಯಿತು. ವೈದ್ಯೆಯ ಸಂಭಾವನೆಯನ್ನು ವಿಮೆ ಕೊಡದು, ಅದು ಕೈಯಿಂದ. ಇಲಾಖೆಗೆ ಚೀಟಿಯ ಶುಲ್ಕ 50 ಡಾಲರ್. ಅಂದು ಸಂಜೆ ಭಾವನವರು ತಮ್ಮ ಬೀಗದ ಕೈಗೊಂಚಲಿನಿಂದ ಕಾರಿನ ಕೀಲಿಯನ್ನು ಬಿಡಿಸಿ, ಅಡಿಗೆಮನೆಯ ಮೊಳೆಗೆ ತೂಗುಹಾಕಿದರು. ಬೆರಳಲ್ಲಿ ಬಲವಿಲ್ಲದೆ ಉಂಗುರ ಬಿಡಿಸಲು ಬಹಳ ಹೊತ್ತು ಹಿಡಿಯಿತು. ಯಾರೂ ಏನೂ ಅನ್ನಲಿಲ್ಲ.

ಆಲ್ಟೂನದ ತಿರುವು

ಚೀಟಿ ಅಂಚೆಯಲ್ಲಿ ಬರುವವರೆಗೆ ಸುಮ್ಮನಿರುವುದೇಕೆಂದು ಅಕ್ಕ ನಮ್ಮನ್ನು ಆಲ್ಟೂನ ಎಂಬ ಊರಿಗೆ ಕರೆದೊಯ್ದಳು. ಪೂರ್ವಕ್ಕೆ ಎರಡು ಗಂಟೆಯ ಹಾದಿ. ಅಲ್ಲಿ ಅಲಿಗೇನಿ ಬೆಟ್ಟಗಳನ್ನು ಏರುವ ರೈಲುಮಾರ್ಗ ಕುದುರೆಯ ಲಾಳದಂತೆ ಬಾಗುತ್ತದೆ. 1854ರಲ್ಲಿ ತೆರೆದ ಈ ತಿರುವನ್ನು ಕಡಿದವರು ಬಹುಮಟ್ಟಿಗೆ ಐರ್ಲೆಂಡಿನಿಂದ ಬಂದ ಕೂಲಿಗಳು, ಗುದ್ದಲಿ ಪಿಕಾಸಿಗಳಿಂದ. ಗುಡ್ಡದ ಮೇಲಕ್ಕೆ ಹಗ್ಗದ ಗಾಡಿಯಿದ್ದುದರಿಂದ ಭಾವನವರೂ ಬಂದರು. ಉದ್ದನೆಯ ಸರಕಿನ ರೈಲೊಂದು ನಮ್ಮ ಮುಂದೆ ಬಾಗಿತು. ತಲೆ ಆಚೆಯ ಬೆಟ್ಟದಲ್ಲಿ, ಬಾಲ ಈಚೆಯ ಬೆಟ್ಟದಲ್ಲಿ, ಎರಡೂ ಒಂದೇ ನೋಟಕ್ಕೆ ಕಾಣುತ್ತಿದ್ದುವು.

ನಾವು ಬಂದ ಕೆಲಸಕ್ಕೂ ಈ ಊರಿಗೂ ಒಂದು ನಂಟು ಇದೆ. ಹ್ಯಾರಿ ಆನ್ಸ್‌ಲಿಂಗರ್ ಹುಟ್ಟಿದ್ದು ಇಲ್ಲಿಯೇ, 1892ರಲ್ಲಿ. ಈ ರೈಲ್ವೆಯಲ್ಲಿಯೇ ಕೆಲಸ ಆರಂಭಿಸಿ, 1930ರಿಂದ 1962ರವರೆಗೆ ಅಮೆರಿಕದ ಮಾದಕವಸ್ತು ಇಲಾಖೆಯ ಮುಖ್ಯಸ್ಥನಾಗಿದ್ದವನು ಆತ. ಗಾಂಜಾ ಎಂದರೆ ಕೊಲೆ, ಹುಚ್ಚು ಎಂದು ದೇಶವನ್ನೆಲ್ಲ ನಂಬಿಸಿ, 1937ರಲ್ಲಿ ಅದರ ಮೇಲೆ ಭಾರಿ ತೆರಿಗೆಯ ಕಾನೂನು ಬರುವಂತೆ ಮಾಡಿದವರಲ್ಲಿ ಆತನೇ ಮುಂದಾಳು. ವೈದ್ಯರ ಸಂಘದ ಪ್ರತಿನಿಧಿ ವಿಲಿಯಂ ವುಡ್‌ವರ್ಡ್ ಎಂಬವರು ಬೇಡವೆಂದು ಸಾಕ್ಷ್ಯ ನುಡಿದರೂ ನಡೆಯಲಿಲ್ಲ. 1942ರಲ್ಲಿ ಅಮೆರಿಕದ ಔಷಧಿಕೋಶದಿಂದ ಆ ಮೂಲಿಕೆಯ ಹೆಸರೇ ಹೊರಬಿತ್ತು. 1970ರ ಕಾನೂನು ಅದನ್ನು ಹೆರಾಯಿನ್ ಜೊತೆಗೆ, ವೈದ್ಯಕೀಯ ಉಪಯೋಗವೇ ಇಲ್ಲದ ವಸ್ತುಗಳ ಮೊದಲ ಪಟ್ಟಿಯಲ್ಲಿ ಇರಿಸಿತು.

ಔಷಧಿಕೋಶಕ್ಕೆ ಅದು ಬಂದದ್ದಾದರೂ ಎಲ್ಲಿಂದ? ನಮ್ಮ ದೇಶದಿಂದ! ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದ ಓಶಾನೆಸಿ ಎಂಬ ಐರಿಷ್ ವೈದ್ಯ ಇಲ್ಲಿಯ ಪಂಡಿತರನ್ನೂ ಹಕೀಮರನ್ನೂ ವಿಚಾರಿಸಿ, ವಾತ, ಧನುರ್ವಾಯು, ಕಾಲರಾ ರೋಗಿಗಳಿಗೆ ಗಾಂಜಾದ ಸತ್ತ್ವವನ್ನು ಕೊಟ್ಟು ನೋಡಿ, 1839ರಲ್ಲಿ ತನ್ನ ಬರಹವನ್ನು ಪ್ರಕಟಿಸಿದ. ಅಲ್ಲಿಂದ ಅದು ಲಂಡನಿಗೂ ಅಮೆರಿಕಕ್ಕೂ ಹೋಯಿತು. ವಿಚಿತ್ರವೆಂದರೆ, 1850ರ ದಶಕದಲ್ಲಿ ನಮ್ಮ ದೇಶದ ಉದ್ದಗಲಕ್ಕೆ ತಂತಿ ಕಂಬಗಳನ್ನು ನಿಲ್ಲಿಸಿದವನೂ ಇದೇ ಓಶಾನೆಸಿ. ಭಂಗಿಯನ್ನು ಪಶ್ಚಿಮದ ವೈದ್ಯಕ್ಕೆ ಕೊಟ್ಟವನು, ಮಾತು ಮೈಯನ್ನು ಬಿಟ್ಟು ತಂತಿಯ ಮೇಲೆ ಓಡುವಂತೆ ಮಾಡಿದವನು, ಒಬ್ಬನೇ! ಊಟದ ಮೇಜಿನ ಮೇಲೆ ನಾನು ಕಂಡದ್ದು ಆತನ ಎರಡು ಕೆಲಸಗಳೂ ನೂರೆಂಬತ್ತು ವರ್ಷದ ಮೇಲೆ ಒಂದೆಡೆ ಕೂಡಿದ ಸಂಗಮ.

ಭಾವನವರಿಗೆ ಈ ಕಥೆ ಹೇಳಿದೆ. ಅವರು ಬಾಗಿದ ರೈಲನ್ನೇ ನೋಡುತ್ತ, "ಕಾನೂನೂ ಹೀಗೆಯೇ ಕಣಯ್ಯಾ. ತಲೆ ಈ ಕಡೆ ತಿರುಗಿದೆ, ಬಾಲ ಇನ್ನೂ ಆ ಬೆಟ್ಟದಲ್ಲೇ ಇದೆ" ಎಂದರು.

ಅಕ್ಕನ ಕೈ

ಆ ಬಾಲದ ಪೆಟ್ಟು ತಗಲಿದ್ದು ಅಕ್ಕನಿಗೆ. ಕಾನೂನಿನಲ್ಲಿ ಆರೈಕೆದಾರರಿಗೂ ಒಂದು ಚೀಟಿಯುಂಟು. ರೋಗಿಯ ಪರವಾಗಿ ಅಂಗಡಿಗೆ ಹೋಗಿ ತಂದು, ಕೊಡಬಹುದು. ಅಕ್ಕ ಅರ್ಜಿ ತುಂಬಲು ಕುಳಿತಳು. ತುಂಬುವ ಮೊದಲು ವಕೀಲರನ್ನು ಕೇಳಿದ್ದು ಒಳ್ಳೆಯದಾಯಿತು.

ಭಾವನವರು ಬಹಳ ಹಿಂದೆಯೇ ಅಮೆರಿಕದ ಪೌರರಾದರು. ಅಕ್ಕ ಆಗಲಿಲ್ಲ. ಗ್ರೀನ್ ಕಾರ್ಡಿನ ಮೇಲೆಯೇ ಅರ್ಧ ಶತಮಾನ ಕಳೆದಳು. ಅಪ್ಪನ ಮನೆಯ ದೇಶದ ಪಾಸ್‌ಪೋರ್ಟ್ ಬಿಡಲು ಮನಸ್ಸು ಬರಲಿಲ್ಲ. ಭಾವನವರಿಗೆ ಕಾಯಿಲೆಯಾದ ಮೇಲೆ ಭಯ ಹುಟ್ಟಿತು. ಊರಿಗೆ ಹೋದಾಗ ಏನಾದರೂ ತಡೆಯಾಗಿ, ಮರಳಿ ಅವರ ಬಳಿಗೆ ಬರಲಾಗದೆ ಹೋದರೆ? ಆ ವರ್ಷವೇ ಪೌರತ್ವಕ್ಕೆ ಅರ್ಜಿ ಹಾಕಿದ್ದಳು. ವಕೀಲರು ಹೇಳಿದರು: "ರಾಜ್ಯ ಒಪ್ಪಿದರೂ ಒಕ್ಕೂಟ ಸರ್ಕಾರಕ್ಕೆ ಇದು ಅಪರಾಧವೇ. ರಾಜ್ಯದ ಕಾನೂನಿನಂತೆ ನಡೆದುಕೊಂಡವರಿಗೂ ಸನ್ನಡತೆಯಿಲ್ಲವೆಂದು ಪೌರತ್ವ ನಿರಾಕರಿಸಬಹುದೆಂದು ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ. ಅರ್ಜಿ ತೀರ್ಮಾನವಾಗುವ ತನಕ ನೀವು ಅದನ್ನು ಕೊಳ್ಳಬೇಡಿ, ಒಯ್ಯಬೇಡಿ, ಮುಟ್ಟಲೂ ಬೇಡಿ."

"ಅವರ ಬಾಯಿಗೆ ಔಷಧಿ ಹಾಕಿದರೆ ನನ್ನ ನಡತೆ ಕೆಡುತ್ತದಂತೆ ಕಣೋ" ಎಂದು ಅಕ್ಕ ನನ್ನೊಡನೆ ಹೇಳಿ, ನಗಲು ಹೋಗಿ, ಕಣ್ಣೊರೆಸಿಕೊಂಡಳು.

ಚೀಟಿ ಬಂತು. ಅಂಚೆಯ ಲಕೋಟೆಯಲ್ಲಿ ಭಾವಚಿತ್ರ ಸಹಿತವಾದ ಒಂದು ಪ್ಲಾಸ್ಟಿಕ್ ಬಿಲ್ಲೆ. ಮರುದಿನ ಮೂವರೂ ಹೊರಟೆವು. ಅಂಗಡಿ ಹೆದ್ದಾರಿಯ ಬದಿಯಲ್ಲಿ, ಒಂದು ಸಣ್ಣ ಬ್ಯಾಂಕಿನಂತಿತ್ತು. ಎಲೆಯ ಚಿತ್ರವಿಲ್ಲ, ಹೊಗೆಯಿಲ್ಲ. ಮಂಜುಗಾಜಿನ ಕಿಟಕಿ, ಬಾಗಿಲಲ್ಲಿ ಕಾವಲುಗಾರ. ಚೀಟಿಯಿಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ವಾಹನದ ಬಳಿಗೆ ತಂದುಕೊಡುವ ಪದ್ಧತಿಗೂ 2021ರ ಕಾನೂನಿನಲ್ಲಿ ಎಡೆಯಿದೆ. ಆದರೆ ಮೊದಲ ಸಲ ಔಷಧಿಶಾಸ್ತ್ರ ಬಲ್ಲವರೊಡನೆ ಎದುರಾಎದುರು ಮಾತನಾಡಬೇಕೆಂದು ಭಾವನವರ ಹಟ.

ಅಕ್ಕ ಅಂಗಡಿಯ ಆವರಣದೊಳಕ್ಕೂ ಹೋಗದೆ, ಪಕ್ಕದ ಕಿರಾಣಿ ಅಂಗಡಿಯ ಅಂಗಳದಲ್ಲಿ ವಾಹನ ನಿಲ್ಲಿಸಿದಳು. ನಾನೂ ಪ್ರವಾಸಿ, ವೀಸಾದ ಮೇಲೆ ಬಂದವನು, ನಾನೂ ಕೂತೆ. ಭಾವನವರೊಬ್ಬರೇ ಕೋಲೂರಿ, ಪಾದಗಳನ್ನು ಎತ್ತಿ ಎತ್ತಿ ಇಡುತ್ತ, ಆ ಡಾಂಬರಿನ ಬಯಲನ್ನು ದಾಟಿದರು. ನೂರು ಹೆಜ್ಜೆಯೂ ಇರಲಾರದು. ಅಕ್ಕ ಎರಡು ಕೈಗಳಿಂದಲೂ ಚಕ್ರವನ್ನು ಹಿಡಿದು, ಅವರು ಬಾಗಿಲು ಸೇರುವವರೆಗೆ ಉಸಿರು ಬಿಡಲಿಲ್ಲ. ನಾನು ಅಮೆರಿಕದಲ್ಲಿ ನಯಾಗರದ ಜಲಪಾತವನ್ನು ಕಂಡಿದ್ದೇನೆ. ನೆನಪಿನಲ್ಲಿ ಮೊದಲು ಬರುವುದು ಈ ನೂರು ಹೆಜ್ಜೆಯ ಬಯಲು.

ಆದ್ದರಿಂದ ಒಳಗಿನ ವರ್ಣನೆ ಭಾವನವರ ಬಾಯಿಂದ ಕೇಳಿದ್ದು. ದಂತವೈದ್ಯರ ಕೊಠಡಿಯಂತೆ ಶುಭ್ರ. ಕಾಯುತ್ತಿದ್ದವರಲ್ಲಿ ಬಹುಮಂದಿ ನೆರೆಗೂದಲಿನವರು. ಸೇದುವುದಕ್ಕೆ ಈ ರಾಜ್ಯದಲ್ಲಿ ಅನುಮತಿಯಿಲ್ಲ. ಬಿಸಿ ಮಾಡಿ ಆವಿ ಎಳೆಯಬಹುದು. ಗುಳಿಗೆ, ಎಣ್ಣೆ, ಮುಲಾಮು, ನಾಲಗೆಯಡಿಯ ಹನಿಗಳುಂಟು, ಮಿಠಾಯಿ ಬಿಸ್ಕತ್ತುಗಳಿಲ್ಲ. ಔಷಧಿತಜ್ಞ ಅರ್ಧ ಗಂಟೆ ಮಾತನಾಡಿದನಂತೆ: "ಅತಿ ಕಡಿಮೆಯಿಂದ ಆರಂಭಿಸಿ. ನುಂಗಿದ ಗುಳಿಗೆ ಕೆಲಸ ಮಾಡಲು ಒಂದೆರಡು ಗಂಟೆ ಬೇಕು. ಏನೂ ಆಗಲಿಲ್ಲವೆಂದು ಇನ್ನೊಂದು ನುಂಗಬೇಡಿ. ರಾತ್ರಿ ಎದ್ದರೆ ಗೋಡೆ ಹಿಡಿದು ನಡೆಯಿರಿ." ಹಣವನ್ನು ನಗದಾಗಿಯೇ ಕೊಟ್ಟರು.

ಆ ರಾತ್ರಿಯ ಒಂದು ದೃಶ್ಯ ಬರೆಯದೆ ಈ ಲೇಖನ ಮುಗಿಯದು. ಮಕ್ಕಳ ಕೈಗೆ ಸಿಕ್ಕದಿರಲೆಂದು ಆ ಬುಡ್ಡಿಯ ಮುಚ್ಚಳವನ್ನು ಒತ್ತಿ ತಿರುಗಿಸುವಂತೆ ಮಾಡಿದ್ದರು. ಮಕ್ಕಳಿಗೆ ಬಾರದ ಬುಡ್ಡಿ ಜೋಮು ಹಿಡಿದ ಬೆರಳಿಗೂ ಬಾರದು. ಭಾವನವರು ಒತ್ತಿದರು, ಜಾರಿತು. ಮತ್ತೆ ಒತ್ತಿದರು, ಜಾರಿತು. ಹಾಸಿಗೆಯ ಆ ಅಂಚಿನಲ್ಲಿ ಅಕ್ಕ ಕುಳಿತಿದ್ದಳು. ಐವತ್ತು ವರ್ಷ ಆ ಮನುಷ್ಯನಿಗೆ ಉಪ್ಪಿನಕಾಯಿಯ ಭರಣಿಯಿಂದ ಹಿಡಿದು ಕೀಮೊ ಗುಳಿಗೆಯವರೆಗೆ ಎಲ್ಲ ಮುಚ್ಚಳ ತೆಗೆದುಕೊಟ್ಟ ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದುಕೊಂಡಿದ್ದಳು. ನಾನು ಏಳಲು ಹೋದೆ. "ಬೇಡ, ನೀನು ಊರಿಗೆ ಹೋಗಬೇಕಾದವನು" ಎಂದು ಭಾವನವರು ತಡೆದರು. ಕಾಲು ಗಂಟೆಯ ಮೇಲೆ, ಮುಚ್ಚಳದ ಮೇಲೆ ಒದ್ದೆ ಬಟ್ಟೆ ಹಾಕಿ, ಬುಡ್ಡಿಯನ್ನು ಮೊಣಕಾಲುಗಳ ನಡುವೆ ಇರುಕಿಸಿ, ಅಂಗೈಯ ಬುಡದಿಂದ ಅದುಮಿ ತೆರೆದರು. ಮೂವರೂ ನಿಟ್ಟುಸಿರು ಬಿಟ್ಟೆವು.

ಪವಾಡವೇನೂ ನಡೆಯಲಿಲ್ಲ. ಮೊದಲ ಎರಡು ರಾತ್ರಿ ವ್ಯತ್ಯಾಸವೇ ಇಲ್ಲ. ಒಂದು ವಾರದ ಮೇಲೆ ಪ್ರಮಾಣವನ್ನು ತುಸು ಏರಿಸಿದಾಗ ನಾಲ್ಕು ಗಂಟೆಗಳ ಕಾಲ ಎಚ್ಚರವಿಲ್ಲದ ನಿದ್ದೆ ಬಂತು. "ಉರಿ ಇದೆ, ಆದರೆ ಪಕ್ಕದ ಮನೆಯಲ್ಲಿದೆ" ಎಂದರು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2017ರಲ್ಲಿ ಹೊರತಂದ ದೊಡ್ಡ ವರದಿ, ವಯಸ್ಕರ ದೀರ್ಘಕಾಲದ ನೋವಿಗೆ ಗಾಂಜಾ ಉಪಯುಕ್ತವೆಂಬುದಕ್ಕೆ ಗಣನೀಯ ಆಧಾರವಿದೆಯೆಂದು ಹೇಳಿದೆ. ಎಲ್ಲ ರೋಗಕ್ಕೂ ಸಂಜೀವಿನಿಯೆಂದು ಹೇಳಿಲ್ಲ. ಭಾವನವರ ಅನುಭವವೂ ಅಷ್ಟೇ ಮಾತನ್ನು ಹೇಳಿತು. ಎರಡು ವರ್ಷ ಮಲಗದವನಿಗೆ ನಾಲ್ಕು ಗಂಟೆಯ ನಿದ್ದೆ ಎಷ್ಟು ದೊಡ್ಡದೆಂಬುದನ್ನು ಮಾತ್ರ ಯಾವ ವರದಿಯೂ ಅಳೆಯಲಾರದು.

ನವೆಂಬರಿನಲ್ಲಿ ನಾನು ಹೊರಟಾಗ ಮರಗಳೆಲ್ಲ ಬೋಳಾಗಿದ್ದುವು. ಎಲೆಯ ಮರೆಯಿಲ್ಲದ ಕಾರಣ, ಬಂದಾಗ ಕಾಣದಿದ್ದ ಹೊಳೆ ಅಕ್ಕನ ಮನೆಗೆ ಹೋಗುವ ಗುಡ್ಡದ ದಾರಿಯಿಂದ ಕಂಡಿತು.

2024ರ ಮೇ ತಿಂಗಳಲ್ಲಿ ಅಲ್ಲಿಯ ನ್ಯಾಯ ಇಲಾಖೆ ಗಾಂಜಾವನ್ನು ಮೊದಲ ಪಟ್ಟಿಯಿಂದ ಮೂರನೆಯದಕ್ಕೆ ಇಳಿಸುವ ಪ್ರಸ್ತಾವವನ್ನು ಪ್ರಕಟಿಸಿತೆಂದು ಪತ್ರಿಕೆಯಲ್ಲಿ ಓದಿದೆ. ಅದಕ್ಕಿಂತ ನನಗೆ ಮುಖ್ಯವಾದ ಸುದ್ದಿ ಅದೇ ವರ್ಷದ ಶ್ರಾವಣದಲ್ಲಿ ಅಕ್ಕನಿಂದ ಬಂತು. ನ್ಯಾಯಾಲಯದಲ್ಲಿ ಕೈಯೆತ್ತಿ ಪ್ರಮಾಣ ಮಾಡಿದಳಂತೆ. ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸುವಾಗ ಅಪ್ಪನ ನೆನಪಾಗಿ ಅತ್ತಳಂತೆ. ಮರುವಾರವೇ ಆರೈಕೆದಾರಳ ಚೀಟಿಗೆ ಅರ್ಜಿ ಹಾಕಿ, ಪೂರ್ವಚರಿತ್ರೆಯ ತಪಾಸಣೆಗೆ ಒಳಗಾಗಿ, ಅದನ್ನೂ ಪಡೆದಳು.

ಕಾಗದದ ಕೊನೆಯ ಸಾಲು ಹೀಗಿತ್ತು: "ಈಗ ಬುಡ್ಡಿಯ ಮುಚ್ಚಳ ನಾನೇ ತೆಗೆಯುತ್ತೇನೆ."